ನಾಲ್ಕು ಹುನ್

ಬುಪ್ಪಾಳ ಮದುವೆ ನಡೆದದ್ದೇ ಅವಳ ಅಪ್ಪ ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡದ್ದರಿಂದ. ಫ್ರೆ ಪಟ್ಟಣದ ಬಸ್ಸು ಶೆಡ್ಡಿನಲ್ಲಿ ಮೆಕ್ಯಾನಿಕ್ಕಾಗಿದ್ದ ಪ್ರಯೂನ್ ಹೆಣ್ಣು ಕೇಳಲು ಬಂದಾಗ, "ನಿಂದು ಅಂತ ಏನಪ್ಪಾ ಇದೆ?" ಎಂದು ಮುದುಕ ಕೇಳಿದ. "ನಾಲ್ಕು ಹುನ್ ಪೂರ್ತಿ ಇದೆ, ಸ್ವಂತದ್ದು," ಎಂದ ಹುಡುಗ, ಎದೆಯುಬ್ಬಿಸಿ. ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಹುನ್ ಎಂದರೆ ಇಂಚಿನ ಎಂಟನೇ ಒಂದು ಪಾಲು. ನಾಲ್ಕು ಹುನ್ ಎಂದರೆ ನಟ್ಟು ಬಿಚ್ಚುವ ಅರ್ಧ ಇಂಚಿನ ಸಾಕೆಟ್ಟುಗಳ ಪೆಟ್ಟಿಗೆ, ಅಷ್ಟೇ. ಆದರೆ ಅದೇ ಪದವನ್ನು ಸ್ವಲ್ಪ ರಾಗ ಬದಲಿಸಿ ಅಂದರೆ ಕಂಪನಿಯ ಷೇರು ಎಂದಾಗುತ್ತದೆ. ಭತ್ತ ಬಡಿಯುವ ಯಂತ್ರದ ಪಕ್ಕ ನಿಂತು ನಿಂತು ಕಿವಿ ಮಂದವಾಗಿದ್ದ ಮುದುಕ, ಅಳಿಯನಾಗುವವನಿಗೆ ಬಸ್ಸು ಕಂಪನಿಯಲ್ಲಿ ನಾಲ್ಕು ಷೇರು ಇದೆ ಎಂದುಕೊಂಡು ಊರಿಗೆಲ್ಲ ಸಾರಿಕೊಂಡು ಬಂದ.

ಮದುವೆಯಾದ ತಿಂಗಳಿಗೆ ಮಗಳ ಮನೆಗೆ ಬಂದು "ಎಲ್ಲಿ, ಆ ನಾಲ್ಕು ಹುನ್ ಕಾಗದ ತೋರಿಸು ನೋಡೋಣ" ಎಂದ. ಪ್ರಯೂನ್ ಒಳಗಿಂದ ಎಣ್ಣೆ ಮೆತ್ತಿದ ಕಬ್ಬಿಣದ ಪೆಟ್ಟಿಗೆ ತಂದಿಟ್ಟ. ಮುದುಕ ಅದನ್ನೇ ಬಹಳ ಹೊತ್ತು ನೋಡಿದ. ಒಂದು ಕೈಯಲ್ಲಿ ಎತ್ತಿ, ಮತ್ತೆ ಕೆಳಗಿಟ್ಟ. "ಭಾರ ಇದೆ," ಎಂದ. ಸಾಯುವ ತನಕ ಆ ವಿಷಯ ಮತ್ತೆ ಎತ್ತಲಿಲ್ಲ. ಊರು ಮಾತ್ರ ಬಿಡಲಿಲ್ಲ, ಊರು ಯಾವತ್ತು ಬಿಟ್ಟಿದೆ?

ಅದೆಲ್ಲ ಮೂವತ್ತಾರು ವರ್ಷದ ಹಿಂದಿನ ಮಾತು. ಶೆಡ್ಡಿನ ಕೆಲಸ ಬಿಟ್ಟ ಪ್ರಯೂನ್, ಕಂಬಗಳ ಮೇಲೆ ನಿಂತ ತಮ್ಮ ಮನೆಯ ಅಡಿಯಲ್ಲೇ ಗ್ಯಾರೇಜು ಮಾಡಿಕೊಂಡ. ಬೈಕು, ಪಿಕಪ್ಪು, ಗದ್ದೆ ಉಳುವ ಕೈ ಟ್ರ್ಯಾಕ್ಟರು, ಏನೇ ಕೆಟ್ಟರೂ ಜನ ಗೇಟಿನ ಹತ್ತಿರ ನಿಂತು "ಚಾಂಗ್!" ಎಂದು ಕೂಗುವರು. ಚಾಂಗ್ ಎಂದರೆ ಕೈಕಸುಬು ಬಲ್ಲವನು. ಹೆಂಡತಿಯೂ ಅವನನ್ನು ಚಾಂಗ್ ಎಂದೇ ಕರೆಯುತ್ತಿದ್ದಳು. ಅವಳನ್ನು ಯಾರೂ ಹಾಗೆ ಕರೆಯಲಿಲ್ಲ. ಆದರೆ ಅವಳಿಲ್ಲದೆ ಆ ಗ್ಯಾರೇಜಿನಲ್ಲಿ ಒಂದು ಚಕ್ರವೂ ಕಳಚುತ್ತಿರಲಿಲ್ಲ ಎಂಬುದು ನಿಜ. ಪ್ರಯೂನ್ ಕಡ್ಡಿಯಂಥ ಮನುಷ್ಯ, ಬುಪ್ಪಾ ಮೈಕೈ ತುಂಬಿಕೊಂಡವಳು. ತುಕ್ಕು ಹಿಡಿದ ನಟ್ಟು ಜಗ್ಗದೆ ಹಟ ಹಿಡಿದರೆ ಅವನು ಉದ್ದ ಹಿಡಿಯ ವೀಲ್ ಪಾನಾ ಸಿಕ್ಕಿಸಿ, "ಬುಪ್ಪಾ, ಬಾ, ಹತ್ತು!" ಎಂದು ಕೂಗುವನು. ಅವಳು ಒಲೆ ಮುಂದಿನಿಂದ ಎದ್ದು ಬಂದು, ಅವನ ಭುಜ ಹಿಡಿದುಕೊಂಡು, ಪಾನಾದ ತೋಳಿನ ಮೇಲೆ ಎರಡೂ ಪಾದ ಇಟ್ಟು ನಿಲ್ಲುವಳು. ನಟ್ಟು ಕಿರ್ರೆಂದು ಸೋಲುವುದು. "ಚಾಂಗ್ ಹತ್ರ ನಾಲ್ಕು ಹುನ್ ಇದೆ, ಅದೂ ಆಗ್ಲಿಲ್ಲ ಅಂದ್ರೆ ಹೆಂಡ್ತಿ ಇದಾಳೆ" ಎಂದು ಊರವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮಂಡಿಗಳು ಮಾತ್ರ ವರ್ಷ ವರ್ಷ ಲೆಕ್ಕ ಇಡುತ್ತಿದ್ದವು.

ಹೋದ ಮಳೆಗಾಲದಲ್ಲಿ ಪ್ರಯೂನನಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಮೂರು ತಿಂಗಳಲ್ಲಿ ಸುಧಾರಿಸಿತು, ಬಲಗೈ ಸುಧಾರಿಸಲಿಲ್ಲ. ಮುಷ್ಟಿ ಮುಚ್ಚುತ್ತದೆ, ಬಿಗಿಯಾಗುವುದಿಲ್ಲ. ಅಂದಿನಿಂದ ಅವನು ಮೇಲಿನ ಜಗಲಿ ಬಿಟ್ಟು ಕೆಳಗಿಳಿಯಲಿಲ್ಲ. ಫ್ರೆ ಗಂಡಸರು ತೊಡುವ ನೀಲಿ ಮೋಹೋಮ್ ಅಂಗಿ, ಅವನು ಕೆಲಸಕ್ಕೆಂದೇ ಇಟ್ಟುಕೊಂಡದ್ದು, ಗೂಟಕ್ಕೆ ನೇತುಹಾಕಿದಲ್ಲೇ ಇತ್ತು. ಯಾರೂ ತೊಡದ ಅಂಗಿಯನ್ನು ಬುಪ್ಪಾ ವಾರಕ್ಕೊಮ್ಮೆ ಒಗೆದು ಮತ್ತೆ ಅಲ್ಲೇ ಹಾಕುವಳು. ಗೇಟಿನಲ್ಲಿ ಯಾರಾದರೂ "ಚಾಂಗ್!" ಎಂದರೆ ಅವನು ಓಗೊಡುತ್ತಿರಲಿಲ್ಲ. ಅವಳೇ ಹೋಗಿ ಕೈಲಾದದ್ದು ಮಾಡಿ ಕಳಿಸುವಳು. ಮೇಲಿಂದ ಎಂಥದೋ ಕಬ್ಬಿಣ ಕಿಣಿಕಿಣಿ ಎನ್ನುವ ಸದ್ದು ಮಾತ್ರ ಬರುತ್ತಿತ್ತು. ಬೇಸರಕ್ಕೆ ಏನನ್ನೋ ತಿರುಗಿಸುತ್ತ ಕೂತಿದ್ದಾನೆ ಎಂದು ಅವಳು ಸುಮ್ಮನಿದ್ದಳು.

ಹೋದ ತಿಂಗಳು ಎಲೆಕೋಸು ಸಾಗಿಸುವ ಲುಂಗ್ ದೀ ತನ್ನ ಪಿಕಪ್ಪು ತಂದ. ಲುಂಗ್ ಎಂದರೆ ದೊಡ್ಡಪ್ಪ, ಊರಿಗೆಲ್ಲ ಅವನು ದೊಡ್ಡಪ್ಪನೇ. ಅವನು ಅತ್ತ ಚಹಾ ಕುಡಿಯಲು ಹೋದಾಗ ಒಂದು ನಟ್ಟು ಹಟ ಹಿಡಿಯಿತು. ಬುಪ್ಪಾ ಒಬ್ಬಳೇ ಪಾನಾ ಹತ್ತಿದಳು. ಹಿಡಿದುಕೊಳ್ಳಲು ಭುಜವಿರಲಿಲ್ಲ. ಪಾನಾ ಜಾರಿತು, ಸಿಮೆಂಟಿನ ಮೇಲೆ ಸೊಂಟ ಬಡಿಯುವಂತೆ ಬಿದ್ದಳು. ಪ್ರಯೂನ್ ಜಗಲಿಯಿಂದ ನೋಡಿದ. ಅವನು ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳೇ ಎದ್ದು ಲಂಗ ಕೊಡವಿಕೊಳ್ಳುತ್ತಿದ್ದಳು. ಅವನು ಅಲ್ಲೇ ನಿಂತು, ತಿರುಗಿ ಮೇಲೆ ಹೋದ. ಆ ಹೊತ್ತು ಊಟ ಮಾಡಲಿಲ್ಲ.

ಮಾರನೆಯ ದಿನ ತಾನಾಗಿ ಬಾಯಿ ಬಿಟ್ಟ. "ಬ್ಯಾಟರಿ ಗನ್ ತಗೊಳ್ಳೋಣ ಬುಪ್ಪಾ. ನಟ್ಟು ಬಿಚ್ಚೋದು. ನಾಲ್ಕು ಹುನ್."

ಒಂಬತ್ತು ತಿಂಗಳಲ್ಲಿ ಅವನು ಒಂದು ಹತಾರದ ಹೆಸರೆತ್ತಿದ್ದು ಇದೇ ಮೊದಲು. ಬುಪ್ಪಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಚಾಂಗ್ ಮತ್ತೆ ಕೆಳಗಿಳಿಯುತ್ತಾನೆ! ಆದರೆ ಮರುಕ್ಷಣವೇ ಭಯವಾಯಿತು. ನಾಲ್ಕು ಹುನ್ ಗನ್ನು ಬ್ಯಾಟರಿ ಸಮೇತ ಎರಡು ಕಿಲೋ ಮೇಲೆ ತೂಗುತ್ತದೆ, ಜಾಡಿಸಿದರೆ ಗಟ್ಟಿಮುಟ್ಟಾದ ಮಣಿಕಟ್ಟೇ ನೋಯುತ್ತದೆ. ಆ ಕೈ ಒಮ್ಮೆ ಸೋತರೆ ಅವನು ಮತ್ತೆ ಮೇಲೆ ಹತ್ತಿ ಕೂರುತ್ತಾನೆ, ಆಮೇಲೆ ಯಾವ ದೇವರು ಇಳಿಸಿಯಾನು?

ಅವಳು ತಾನೇ ಪರೀಕ್ಷೆಗೆ ಇಳಿದಳು. ಊಟಕ್ಕೆ ಕೂತಾಗ ಅಂಟಕ್ಕಿ ಅನ್ನದ ಬುಟ್ಟಿಯನ್ನು ಬೇಕೆಂದೇ ಅವನ ಬಲಗೈಗೆ ಕೊಟ್ಟಳು, ಹಿಡಿದ. ನೀರಿನ ಹೂಜಿ ಕೊಟ್ಟಳು, ನಡುಗಿತು, ಆದರೂ ಹಿಡಿದ. ಖಾರ ಕುಟ್ಟುವ ಒರಳು ಕೊಟ್ಟಳು, ಅದು ಚಾಪೆಯ ಮೇಲೆ ಬಿತ್ತು. ಅಲ್ಲಿಗೆ ಅವಳ ಮನಸ್ಸಿನಲ್ಲಿ ತೀರ್ಮಾನವಾಯಿತು.

"ಮೂರು ಹುನ್ ತಗೊಳ್ಳೋಣ ಚಾಂಗ್. ಹಗುರ, ಸಂದಿಗೊಂದಿಗೂ ನುಗ್ಗುತ್ತೆ. ನಮ್ಮ ಮನೆಗೆ ಬರೋದ್ರಲ್ಲಿ ಮುಕ್ಕಾಲು ಪಾಲು ಬೈಕೇ ತಾನೆ?"

"ಮೂರು ಹುನ್ ಮಕ್ಕಳಾಟಕ್ಕೆ. ನಾಲ್ಕು."

"ಮೂರು."

"ಅಪ್ಪನ ಹಟ ಹಾಗೇ ಬಂದಿದೆ ನಿಂಗೆ."

"ಅಪ್ಪನ ಕಿವಿ ಬಂದಿಲ್ವಲ್ಲ, ಪುಣ್ಯ."

ಹದಿನೈದು ದಿನ ಇದೇ ಜಗಳ. ಊರವರಿಗೆ ಅವನದು ಜಂಬವಾಗಿಯೂ ಅವಳದು ಜಿಪುಣತನವಾಗಿಯೂ ಕಂಡಿತು. ಕೊನೆಗೆ ಒಂದು ಬೆಳಿಗ್ಗೆ ಪ್ರಯೂನ್ ನೀಲಿ ಅಂಗಿ ತೊಟ್ಟು ತಾನೇ ಮೆಟ್ಟಿಲಿಳಿದು ನಿಂತ. "ಅಂಗಡಿಗೇ ಹೋಗಿ ಹಿಡಿದು ನೋಡೋಣ, ನಡಿ," ಎಂದ. ಗುಂಡಿಗಳು ಮೇಲೆ ಕೆಳಗೆ ಆಗಿದ್ದವು. ಬುಪ್ಪಾ ಸರಿಮಾಡಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ಅವನೇ ಹಾಕಿಕೊಂಡಿದ್ದಾನೆ, ಇರಲಿ ಎನಿಸಿತು.

ಪಟ್ಟಣದಲ್ಲಿ ಜೇ ಮುಯಿಯ ಹಾರ್ಡ್‌ವೇರ್ ಅಂಗಡಿ. ಜೇ ಎಂದರೆ ಅಕ್ಕ, ಚೀನೀ ಮನೆತನದ ಹೆಂಗಸರನ್ನು ನಾವು ಹಾಗೇ ಕರೆಯುವುದು. ಜೇ ಮುಯಿಯ ನಾಲಿಗೆಗೆ ಬಾಗಿಲಿಲ್ಲ. "ಓಹೋ, ಷೇರುದಾರರು ಬಂದ್ರು!" ಎಂದು ದೊಡ್ಡ ದನಿಯಲ್ಲಿ ಸ್ವಾಗತಿಸಿದಳು. ಆಮೇಲೆ ಪ್ರಯೂನನ ಕೈ ಕಣ್ಣಿಗೆ ಬಿದ್ದು, ತಾನೇ ಎದ್ದು ಒಂದು ಸ್ಟೂಲು ಎಳೆದು ಹಾಕಿದಳು. ಗಿರಾಕಿಗಳು ಹಿಡಿದು ನೋಡಲೆಂದು ಅವಳು ಹಳೆಯ ಪಿಕಪ್ಪಿನ ಚಕ್ರ ಕೂರುವ ಹಬ್ ಒಂದನ್ನು ಮೇಜಿಗೆ ಬಿಗಿದಿಟ್ಟಿದ್ದಳು. ಅದರಲ್ಲಿ ಐದು ನಟ್ಟು ಸಲೀಸು. ಆರನೆಯದು ತುಕ್ಕು ಹಿಡಿದು ಕಚ್ಚಿಕೊಂಡದ್ದು, ಅವಳು ಅದನ್ನು "ನಮ್ಮತ್ತೆ" ಎನ್ನುತ್ತಿದ್ದಳು.

ಮೊದಲು ಮೂರು ಹುನ್ ಕೊಟ್ಟಳು. ಪ್ರಯೂನ್ ಬಲಗೈಯಲ್ಲಿ ಹಿಡಿದು, ಎಡಗೈ ಅಡಿಗೆ ಕೊಟ್ಟು, ಸಲೀಸಾದ ಒಂದು ನಟ್ಟಿಗೆ ಒತ್ತಿದ. ಕಟಕಟ ಎಂದಿತು, ನಟ್ಟು ಬಿಚ್ಚಿಕೊಂಡು ಮೇಜಿನ ಮೇಲೆ ಬಿತ್ತು. ಬುಪ್ಪಾಳ ಕಣ್ಣು ತುಂಬಿ ಬಂತು. ಒಂಬತ್ತು ತಿಂಗಳ ಮೇಲೆ ಆ ಕೈ ಬಿಚ್ಚಿದ ಮೊದಲ ನಟ್ಟು ಅದು.

"ನೋಡಿದ್ರಾ! ನಾನು ಬಡ್ಕೊಂಡೆ. ಜೇ, ಇದನ್ನೇ ಕಟ್ಟಿ."

"ಇರು," ಎಂದ ಪ್ರಯೂನ್. "ಅತ್ತೆಯನ್ನ ಮಾತಾಡಿಸೋಣ."

ಕಚ್ಚಿದ ನಟ್ಟಿಗೆ ಹಚ್ಚಿದ. ಗನ್ನು ಒಂದೇ ಸಮ ಅರಚಿತು, ಅವನ ತೋಳು ನಡುಗಿತು, ನಟ್ಟು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಬುಪ್ಪಾ ಗಾಬರಿಯಿಂದ ಅವನ ಕೈ ಹಿಡಿದಳು. "ಬಿಡಿ, ಬಿಡಿ. ಇಂಥ ನಟ್ಟು ದಿನಾ ಬರುತ್ತಾ? ಬಂದ್ರೆ ನಾನಿಲ್ವಾ? ಪಾನಾ ಹತ್ತಿ ನಿಂತ್ರೆ ಆಯ್ತು."

ಪ್ರಯೂನ್ ಗನ್ನನ್ನು ನಿಧಾನವಾಗಿ ಮೇಜಿನ ಮೇಲಿಟ್ಟ.

"ಅದಕ್ಕೇ ಇದು ಬೇಡ ಅಂತಿರೋದು," ಎಂದ.

"ಯಾವುದಕ್ಕೆ?"

"ನೀನು ಹತ್ತಬಾರ್ದು ಅಂತ." ಅವನು ಜೇ ಮುಯಿಯ ಕಡೆ ತಿರುಗಿದ. "ನಾಲ್ಕು ಹುನ್ ಕೊಡಿ ಜೇ. ನನ್ನ ಕೈಗಲ್ಲ. ಅವಳ ಕೈಗೆ."

ಜೇ ಮುಯಿ ದೊಡ್ಡ ಗನ್ನನ್ನು ಬುಪ್ಪಾಳ ಕೈಗಿಟ್ಟಳು. ಬುಪ್ಪಾ ಏನೂ ತೋಚದೆ ನಟ್ಟಿಗೆ ಹಚ್ಚಿ ಒತ್ತಿದಳು. ಎರಡೇ ಏಟು, ಅತ್ತೆ ಸೋತು ಗಿರಗಿರ ತಿರುಗಿ ಹೊರಬಂದಳು. ಮೂವತ್ತಾರು ವರ್ಷ ಮೈಭಾರವೆಲ್ಲ ಹಾಕಿ ಮಾಡಿದ ಕೆಲಸ ಒಂದು ಬೆರಳಿಗೆ ಬಂದಿತ್ತು. ಸಂತೋಷವಾಗಬೇಕಿತ್ತು, ಆಗಲಿಲ್ಲ.

"ಹಾಗಾದ್ರೆ ನೀವು?" ಎಂದಳು, ದನಿ ಏರಿಸಿ. "ನೀವೇನ್ ಮಾಡ್ತೀರಾ? ಮೇಲೆ ಕೂತು ನೋಡ್ತಿರ್ತೀರಾ? ನಾನು ಹದಿನೈದು ದಿನದಿಂದ ಮೂರು ಮೂರು ಅಂತ ಯಾಕೆ ಬಡ್ಕೊಂಡೆ ಅಂದ್ಕೊಂಡ್ರಿ? ನೀವು ಹಿಡೀಲಿ ಅಂತ. ನೀವು ಇಳಿದು ಬರ್ಲಿ ಅಂತ. ಈ ಸುಡುಗಾಡು ಗನ್ನು ಯಾರಿಗೆ ಬೇಕಿತ್ತು!"

ಜೇ ಮುಯಿ ಅವರಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. "ಇಷ್ಟು ವರ್ಷ ಅಂಗಡಿ ಇಟ್ಟಿದೀನಿ. ಎಲ್ರೂ ತಮ್ಮ ಕೈಗೆ ಸರಿಹೋಗೋದು ಕೇಳ್ತಾರೆ. ನಿಮ್ಮಂಥ ಹುಚ್ಚರನ್ನ ನೋಡ್ಲಿಲ್ಲ," ಎಂದವಳೇ, ಇಲ್ಲದ ಕೆಲಸ ನೆನಪಿಸಿಕೊಂಡು ಒಳಗೆ ಹೋದಳು. ಅವಳ ನಾಲಿಗೆಗೆ ಬಾಗಿಲಿಲ್ಲ ಎಂದೆನಲ್ಲ, ಮನಸ್ಸಿಗೂ ಇಲ್ಲ.

ಪ್ರಯೂನ್ ಮೇಜಿನ ಮೇಲಿದ್ದ ನಟ್ಟನ್ನು ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಎತ್ತಿಕೊಂಡ. ಬೋಲ್ಟಿನ ತುದಿಗೆ ತಂದು ಮೆಲ್ಲಗೆ ಒಮ್ಮೆ ಹಿಂದಕ್ಕೆ ತಿರುಗಿಸಿದ. ಎರಡರ ಸುರುಳಿಗೆರೆ, ಅಂದರೆ ಥ್ರೆಡ್ಡು, ಕೂಡುವ ಜಾಗದಲ್ಲಿ 'ಟಿಕ್' ಎಂದು ಸಣ್ಣ ಸದ್ದಾಯಿತು. ಆಮೇಲೆ ಮುಂದಕ್ಕೆ, ಒಂದು ಸುತ್ತು, ಎರಡು ಸುತ್ತು. ಬೆರಳು ನಡುಗಿದರೂ ನಟ್ಟು ಓರೆಯಾಗಲಿಲ್ಲ.

"ಮೊದಲ ಎರಡು ಸುತ್ತು ಯಾವ ಗನ್ನಿಗೂ ಕೊಡಬಾರ್ದು. ಕೊಟ್ರೆ ಥ್ರೆಡ್ಡು ಹಾಳು. ಅದು ಬೆರಳಿನ ಕೆಲಸ," ಎಂದ. "ಅದನ್ನ ನಾನು ಮಾಡ್ತೀನಿ."

ಆಗ ಬುಪ್ಪಾಳಿಗೆ ಜಗಲಿಯ ಮೇಲಿನ ಆ ಕಿಣಿಕಿಣಿ ಸದ್ದು ಏನೆಂದು ತಿಳಿಯಿತು. ಇಷ್ಟು ತಿಂಗಳೂ ಅವನು ಒಂದು ಬೋಲ್ಟು ಒಂದು ನಟ್ಟು ಹಿಡಿದುಕೊಂಡು ಮೇಲೆ ಕೆಲಸವನ್ನೇ ಮಾಡುತ್ತಿದ್ದ. ಅವಳು ಅಂಗಡಿಯಲ್ಲಿ, ಜನರೆದುರೇ, ಗನ್ನನ್ನು ಮಗುವಿನಂತೆ ಎದೆಗೊತ್ತಿಕೊಂಡು ಅತ್ತಳು. ನಾಚಿಕೆಯೇನೂ ಆಗಲಿಲ್ಲ.

ಎರಡು ದಿನದ ಮೇಲೆ ಗೇಟಿನಲ್ಲಿ ಪಿಕಪ್ಪು ನಿಂತಿತು. "ಚಾಂಗ್! ಇದೀಯಾ?" ಲುಂಗ್ ದೀಯ ದನಿ. ಬುಪ್ಪಾ ಅಭ್ಯಾಸದಂತೆ ಮೇಲಕ್ಕೆ ನೋಡಿದಳು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಬಂತು. ಹನ್ನೊಂದೂ ಮೆಟ್ಟಿಲು ಇಳಿದು ಬಂದ ಪ್ರಯೂನ್ ಮಣೆ ಎಳೆದುಕೊಂಡು ಚಕ್ರದ ಮುಂದೆ ಕೂತ.

ಹೊಸ ನಾಲ್ಕು ಹುನ್ ಗನ್ನು ಹಿಡಿದು ಬುಪ್ಪಾ ನಟ್ಟು ಬಿಚ್ಚಿದಳು. ಚಕ್ರ ಬದಲಾಯಿತು. ಪ್ರಯೂನ್ ಒಂದೊಂದೇ ನಟ್ಟು ಎತ್ತಿ ಬೆರಳಲ್ಲಿ ಕೂರಿಸತೊಡಗಿದ. ಬಹಳ ಹೊತ್ತು ಹಿಡಿಯಿತು. ಸಂತೆಗೆ ಹೊತ್ತಾಗುತ್ತಿದ್ದ ಲುಂಗ್ ದೀ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ. ಬುಪ್ಪಾ ಅವನನ್ನು ಒಮ್ಮೆ ದುರುಗುಟ್ಟಿ ನೋಡಿದಳು, ಆಮೇಲೆ ಅವನು ಅಲ್ಲಾಡಲಿಲ್ಲ. ಕೊನೆಯ ನಟ್ಟೂ ಕೂತ ಮೇಲೆ ಅವಳು ಗನ್ನು ಹಿಡಿದು ಬಿಗಿದಳು. ಕಡೆಯ ಬಿಗಿತವನ್ನು ಮಾತ್ರ ಪಾನಾ ಹಾಕಿ ಕೈಯಲ್ಲೇ ಕೊಟ್ಟಳು. ಹತ್ತಿ ನಿಲ್ಲಲಿಲ್ಲ.

"ಅಲ್ಲ ಮಾರಾಯ," ಎಂದ ಲುಂಗ್ ದೀ, "ಈಗ ಗೇಟಲ್ಲಿ ನಿಂತು ಚಾಂಗ್ ಅಂತ ಯಾರನ್ನ ಕೂಗೋದು? ನಿನ್ನನ್ನೋ ಅವಳನ್ನೋ?"

ಪ್ರಯೂನ್ ಅಂಗಿಯ ಅಂಚಿಗೆ ಬೆರಳಿನ ಎಣ್ಣೆ ಒರೆಸಿಕೊಂಡ. "ನಾಲ್ಕು ಹುನ್ ಅವಳ ಹೆಸರಲ್ಲಿದೆ," ಎಂದ. "ಅವಳಪ್ಪನಿಗೆ ಹೇಳಿದ್ದೆನಲ್ಲ. ಬರೆದುಕೊಡೋದು ಸ್ವಲ್ಪ ತಡ ಆಯ್ತು."

ಲುಂಗ್ ದೀ ಹೊಟ್ಟೆ ಹಿಡಿದುಕೊಂಡು ನಕ್ಕ. ಬುಪ್ಪಾ ನಗಲಿಲ್ಲ. ಗನ್ನನ್ನು ಒಂದು ಕೈಯಲ್ಲಿ ಎತ್ತಿ ನೋಡಿದಳು.

"ಭಾರ ಇದೆ," ಎಂದು ಹೇಳಿ, ಮುಂದಿನ ಚಕ್ರದ ಹತ್ತಿರ ಗಂಡನ ಮಣೆ ಎಳೆದು ಹಾಕಿದಳು.