ಬಾಯಿಗೆ ಕೂರುವ ಮಾತು

ಸೀತೂರಿನ ಚೇತನಾಳಿಗೆ ಸೀರಿಯಲ್ ಬರೆಯುವ ಆಸೆ ಹುಟ್ಟಿದ್ದು ಕೊಪ್ಪದ ಕಾಲೇಜಿನಲ್ಲಿ. ವಾರ್ಷಿಕೋತ್ಸವಕ್ಕೆ ಅವಳು ಬರೆದುಕೊಟ್ಟ ನಾಟಕದಲ್ಲಿ ಅತ್ತೆಯ ಪಾತ್ರ ಮಾಡಿದ ಹುಡುಗಿ ಮಾತು ಮರೆತು, ತನಗೆ ತೋಚಿದ್ದನ್ನು ಹೇಳಿದಳು. ಜನ ಜೋರಾಗಿ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ತನ್ನ ಬರವಣಿಗೆಗೇ ಬಂದದ್ದೆಂದು ಚೇತನಾ ನಂಬಿದಳು. ನಂಬದೆ ಹೋಗಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಮದುವೆಯಾಗಿ ಎನ್.ಆರ್.ಪುರಕ್ಕೆ ಬಂದಳು. ಗಂಡ ರೇಣುಕಾಪ್ರಸಾದನದು ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ. ಹೆಂಡತಿ ಬರೆಯುವುದಕ್ಕೆ ಅವನ ವಿರೋಧವಿರಲಿಲ್ಲ. ಕೆಲವರಿಗೆ ಬೆನ್ನುನೋವು ಇರುವ ಹಾಗೆ ಇವಳಿಗೆ ಇದು ಎಂದು ತಿಳಿದಿದ್ದ. ಅಂಗಡಿಗೆ ಬಂದವರಿಗೆ, "ನಮ್ಮನೆಯವಳು ಸೀರಿಯಲ್ ಬರೀತಾಳೆ" ಅನ್ನುತ್ತಿದ್ದ. "ಯಾವುದು?" ಎಂದು ಕೇಳಿದರೆ, "ಇನ್ನೂ ಬಂದಿಲ್ಲ" ಎಂದು ಸ್ಪ್ಯಾನರ್ ಹುಡುಕತೊಡಗುತ್ತಿದ್ದ.

ಚೇತನಾಳ ಕಥೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಕ್ಯಾಂಟೀನು ನಡೆಸುವ ಅತ್ತಿಗೆ ನಾದಿನಿಯರದು. ಅದನ್ನು ಹೊತ್ತು ಅವಳು ಬೆಂಗಳೂರಿನ ಸೀರಿಯಲ್ ಕಂಪನಿಗಳ ಮೆಟ್ಟಿಲು ಹತ್ತಿದಳು. ಒಂದು ಕಡೆ ಚಹಾ ಕೊಟ್ಟರು, ಇನ್ನೊಂದು ಕಡೆ ನೀರು ಕೊಟ್ಟರು. ಕೊನೆಗೆ ಒಂದು ಕಂಪನಿಯಲ್ಲಿ ಕಥಾ ವಿಭಾಗದ ಯಜ್ಞೇಶ ಪೂರ್ತಿ ಕೇಳಿಸಿಕೊಂಡ. ಅವನು ಶೃಂಗೇರಿ ಕಡೆಯ ನೆಮ್ಮಾರಿನವನು ಎಂದು ತಿಳಿದಾಗ ಅವಳಿಗೆ ಅರ್ಧ ಕೆಲಸ ಆದಂತೆಯೇ ಅನ್ನಿಸಿತ್ತು.

"ಕಥೆ ಚೆನ್ನಾಗಿದೆ ಮೇಡಂ. ಆದ್ರೆ ಭಾಷೆಯಲ್ಲಿ ಹಳ್ಳಿ ಕಾಣಿಸ್ತಿಲ್ಲ" ಎಂದ ಯಜ್ಞೇಶ.

"ಹಳ್ಳಿಯವರು ಮಾತಾಡೋದೇ ಹೀಗಲ್ವಾ ಸರ್?"

"ಅದು ನಮ್ಮ ಕಡೆ ಹಳ್ಳಿಯವರು. ಟಿವಿಯ ಹಳ್ಳಿಯವರು ಬೇರೆ. ಮುಖ್ಯವಾಗಿ ಈ ‘ಮಾರಾಯ’ ಎಲ್ಲ ತೆಗೆದುಬಿಡಿ. ಯಾರಿಗೂ ಕನೆಕ್ಟ್ ಆಗಲ್ಲ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಊರಿನಿಂದ ತಂಗಿ. "ಎಂತ ಮಾರಾಯ್ತಿ, ಮೀಟಿಂಗಲ್ಲಿದ್ದೆ. ಆಮೇಲೆ ಮಾಡ್ತೆ" ಎಂದು ಪಿಸುಗುಟ್ಟಿ ಫೋನಿಟ್ಟು, ಮತ್ತೆ ಟಿವಿಯ ಕನ್ನಡಕ್ಕೆ ಮರಳಿದ.

ಚೇತನಾ ಊರಿಗೆ ಬಂದು ಮಾರಾಯಗಳನ್ನೆಲ್ಲ ಕಿತ್ತಳು. ಗದ್ದೆಯ ಕಳೆಯಷ್ಟು ಇದ್ದವು. ಕಿತ್ತ ಮೇಲೆ ಅತ್ತಿಗೆ ನಾದಿನಿಯರು ತಾಲ್ಲೂಕು ಕಚೇರಿಯ ಗುಮಾಸ್ತರ ಹಾಗೆ ಜಗಳವಾಡತೊಡಗಿದರು. ಹೊಸ ಪ್ರತಿ ಓದಿದ ಇನ್ನೊಂದು ಕಂಪನಿಯವರು, "ಮಣ್ಣಿನ ವಾಸನೆ ಇಲ್ಲ" ಎಂದು ವಾಪಸು ಕಳಿಸಿದರು.

ಆದರೂ ಬಿಡಲಿಲ್ಲ. ಹಟ ನೋಡಿ ಯಜ್ಞೇಶನೇ ಅವಳನ್ನು ಒಬ್ಬ ಹಿರಿಯ ಸಂಭಾಷಣೆಕಾರರ ಕೈಕೆಳಗೆ ಸೇರಿಸಿದ. ಮನೆಯಿಂದಲೇ ಬರೆದು ಕಳಿಸುವ ಕೆಲಸ. ತೆರೆಯ ಮೇಲೆ ಹೆಸರು ಹಿರಿಯರದ್ದೇ. ಅವಳಿಗೆ ಒಪ್ಪಿಸಿದ್ದು ಅವರ ಸೀರಿಯಲ್ಲಿನ ಮಾವನ ಪಾತ್ರದ ಮಾತು. ಮಾವ ಕೋಮಾದಲ್ಲಿದ್ದ. ಚೇತನಾ ಧೃತಿಗೆಡಲಿಲ್ಲ. ಅವನ ಮಂಚದ ಸುತ್ತ ನಿಂತವರು ಅಳುವುದು, ಬೈಯುವುದು, ಆಸ್ತಿ ಕೇಳುವುದು ಎಲ್ಲ ಬರೆದಳು. ನೋಡುವವರ ಸಂಖ್ಯೆ ಏರಿತು. ಖುಷಿಯಾದ ಚಾನೆಲ್‌ನವರು ಮಾವನಿಗೆ ಪ್ರಜ್ಞೆ ಬರಿಸಲು ಹೇಳಿದರು. ಪ್ರಜ್ಞೆ ಬಂದ ದಿನ ಹಿರಿಯರು ಆ ಪಾತ್ರವನ್ನು ತಾವೇ ತೆಗೆದುಕೊಂಡರು. ಚೇತನಾಳಿಗೆ ಕೆಲಸ ಮುಗಿಯಿತು.

"ಇನ್ನು ಸಾಕು ಬಿಡು ಮಾರಾಯ್ತಿ" ಎಂದ ರೇಣುಕಾಪ್ರಸಾದ್. "ಸುಟ್ಟ ಮೋಟರಿಗೆ ಎಷ್ಟು ಸಲ ತಂತಿ ಸುತ್ತದು?"

"ನೀವು ಸುತ್ತಲ್ವಾ?"

"ನಂಗೆ ಅದಕ್ಕೆ ದುಡ್ಡು ಕೊಡ್ತಾರೆ" ಎಂದವನು, ಅವಳ ಮುಖ ನೋಡಿ ಅಂಗಡಿಗೆ ಹೊರಟ.

ಸ್ವಲ್ಪ ಕಾಲದ ಮೇಲೆ ಯಜ್ಞೇಶನ ಫೋನು ಬಂತು. ಅವನೀಗ ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡ ಡಬ್ಬಿಂಗ್ ಮಾಡಿಸುವ ಕಂಪನಿ ಸೇರಿದ್ದ.

"ಮೇಡಂ, ಎನ್.ಆರ್.ಪುರದಲ್ಲಿ ಕೇರಳದವರು ತುಂಬ ಇದ್ದಾರಲ್ಲ? ನಿಮಗೆ ಮಲಯಾಳಂ ಬರ್ತದಾ?"

"ಬರ್ತದೆ ಸರ್" ಎಂದಳು ಚೇತನಾ. ಫೋನಿಟ್ಟವಳೇ ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯ ಅನ್ನಮ್ಮನ ಹಿರಿಯರು ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದವರು. ಸಿನಿಮಾ ಅಂದರೆ ಆಕೆಗೆ ಪ್ರಾಣ. ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಶುರುವಾಯಿತು. ಅರ್ಥ ಅನ್ನಮ್ಮ ಹೇಳಬೇಕು, ಮಾತು ಚೇತನಾ ಕಟ್ಟಬೇಕು, ಆ ಮಾತು ತೆರೆಯ ಮೇಲಿನ ತುಟಿಗೆ ಹೊಂದಬೇಕು. ತುಟಿ ಮುಚ್ಚಿದ ಕಡೆ ಪ, ಬ, ಮ ಇರಬೇಕು. ಬಾಯಿ ತೆರೆದ ಕಡೆ ಅವು ಬರಬಾರದು. ಅರ್ಥ ಸರಿ ಬಂದರೆ ಬಾಯಿ ಸರಿ ಬರದು, ಬಾಯಿ ಸರಿ ಬಂದರೆ ಅರ್ಥ ಕೆಡುವುದು.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ನಾಯಕ ಗೆಳೆಯನನ್ನು ಪ್ರೀತಿಯಿಂದ ಕರೆಯುವ ‘ಮೋನೇ’ ಎಂಬ ಮಾತು. ‘ಮಗನೇ’ ಎಂದು ಬರೆದರೆ ತುಟಿಗೇನೋ ಕೂರುತ್ತಿತ್ತು. ಆದರೆ ಕನ್ನಡದಲ್ಲಿ ಅದು ಬೈದ ಹಾಗೆ ಕೇಳಿಸಿ, ಮುಂದಿನ ದೃಶ್ಯದಲ್ಲಿ ಅವರಿಬ್ಬರೂ ಅಪ್ಪಿಕೊಳ್ಳುವುದೇ ವಿಚಿತ್ರವಾಗುತ್ತಿತ್ತು. ಯೋಚಿಸಿ ಯೋಚಿಸಿ ಸಾಕಾಗಿ ಚೇತನಾ ‘ಮಾರಾಯ’ ಎಂದು ಹಾಕಿದಳು. ಮೊದಲು ತುಟಿ ಮುಚ್ಚಿತು, ಆಮೇಲೆ ಬಾಯಿ ತೆರೆಯಿತು, ಪ್ರೀತಿಯೂ ಉಳಿಯಿತು.

ಯಜ್ಞೇಶ ಸ್ಟುಡಿಯೋದಿಂದಲೇ ಫೋನು ಮಾಡಿದ. "ಎಲ್ಲರೂ ಕುಣೀತಿದ್ದಾರೆ ಮೇಡಂ! ಎಷ್ಟು ಫ್ರೆಶ್ ಆಗಿದೆ! ಈ ಪದ ಎಲ್ಲಿಂದ ಹಿಡಿದ್ರಿ?"

"ನಿಮ್ಮ ಕಡೆಯದ್ದೇ ಸರ್" ಎಂದಳು ಚೇತನಾ. ಅವನು ಅದನ್ನು ವಿನಯವೆಂದು ತಿಳಿದ.

ಒಂದಾದ ಮೇಲೊಂದು ಸಿನಿಮಾ ಬಂತು. ಚೇತನಾಳ ಹೆಸರು ತೆರೆಯ ಕೊನೆಯಲ್ಲಿ, ಜನ ಎದ್ದು ಹೋಗುವ ಹೊತ್ತಿಗೆ, ಸಣ್ಣ ಅಕ್ಷರದಲ್ಲಿ ಬರತೊಡಗಿತು. ಅಷ್ಟು ಹೆಸರಿನ ಮೇಲೆ ಒಂದು ಚಾನೆಲ್ ಅವಳ ಕ್ಯಾಂಟೀನಿನ ಕಥೆಯನ್ನು ಒಪ್ಪಿತು. ಪ್ರಸಾರಕ್ಕೆ ಸಂಜೆಯ ಹೊತ್ತು ಗೊತ್ತಾಯಿತು, ಅತ್ತಿಗೆಯ ಪಾತ್ರಕ್ಕೆ ನಟಿಯೂ ಸಿಕ್ಕಳು. ರೇಣುಕಾಪ್ರಸಾದ್ ಅಂಗಡಿಯಲ್ಲಿ ಲಾಡು ಹಂಚಿದ.

ಲಾಡು ಮುಗಿಯುವುದರೊಳಗೆ ಚಾನೆಲ್‌ನಿಂದ ಕರೆ ಬಂತು. ಕಥೆಯನ್ನು ಸದ್ಯಕ್ಕೆ ನಿಲ್ಲಿಸಿದ್ದಾರಂತೆ. ಆ ಹೊತ್ತಿಗೆ ಮಲಯಾಳಂ ಸೀರಿಯಲ್ಲೊಂದನ್ನು ಡಬ್ ಮಾಡಿ ಹಾಕುತ್ತಾರಂತೆ.

"ಮೊದಲೆಲ್ಲ ಡಬ್ಬಿಂಗ್ ಅಂದ್ರೆ ನಮಗೆ ಭಯ ಇತ್ತು ಮೇಡಂ" ಎಂದರು ಆ ಕಡೆಯವರು. "ಭಾಷೆ ಕೃತಕ ಅನ್ಸೋದು. ನಿಮ್ಮ ಕೆಲಸ ನೋಡಿದ ಮೇಲೆ ಧೈರ್ಯ ಬಂತು. ಇದನ್ನೂ ನೀವೇ ಬರೀಬೇಕು."

ಆ ದಿನ ಚೇತನಾ ಅಡುಗೆ ಮಾಡಲಿಲ್ಲ. ರೇಣುಕಾಪ್ರಸಾದ್ ಹೋಟೆಲಿನಿಂದ ಪರೋಟ ತಂದ. ತಿನ್ನುತ್ತಾ ತಿನ್ನುತ್ತಾ ಅವಳಿಗೆ ನಗು ಬಂತು, ನಗುತ್ತಿದ್ದವಳು ಅತ್ತಳು, ಅತ್ತು ಮುಗಿದ ಮೇಲೆ, "ಒಪ್ಪಿಕೊಳ್ತೇನೆ" ಎಂದಳು.

ಈಗ ದಿನವೂ ಬೆಳಿಗ್ಗೆ ಮನೆಗೆಲಸ ಮುಗಿಸಿ ಅನ್ನಮ್ಮನ ಮೇಜಿಗೆ ಹೋಗುತ್ತಾಳೆ. ಹೋಗುವುದಕ್ಕೆ ಮುಂಚೆ ತನ್ನ ಸ್ವಂತದ್ದು, ಒಂದು ಹೊಸ ಕಥೆ, ಸ್ವಲ್ಪ ಬರೆಯುತ್ತಾಳೆ. ಡಬ್ಬಿಂಗಿನ ಸೀರಿಯಲ್ ಉದ್ದದ್ದು. ಮೊನ್ನೆ ಅದರಲ್ಲಿ ನಾಯಕಿಯ ಮದುವೆ ಬಂದಿತ್ತು.

"ಇವಳು ಇವನನ್ನ ಮದುವೆ ಆಗ್ಬಾರ್ದು ಮೋಳೇ" ಎಂದಳು ಅನ್ನಮ್ಮ, ಮಗಳಿಗೆ ಹೇಳುವ ಹಾಗೆ. "ಕುಡುಕ. ನೀನು ಬೇರೆ ಬರಿ."

"ಶೂಟಿಂಗ್ ಮುಗಿದೋಗಿದೆ ಆಂಟಿ. ಬಾಯಿ ಮಾತ್ರ ನನ್ನ ಕೈಲಿರೋದು, ತಾಳಿ ಅಲ್ಲ."

"ಹಂಗಾದ್ರೆ ಬಾಯಲ್ಲಾದ್ರೂ ಎರಡು ಮಾತು ಹಾಕು. ಸುಮ್ನೆ ಕತ್ತು ಕೊಡೋದಾ?"

ಚೇತನಾ ದೃಶ್ಯವನ್ನು ಹಿಂದಕ್ಕೆ ತಿರುಗಿಸಿದಳು. ತಾಳಿ ಕಟ್ಟುವ ಮುಂಚೆ ಒಂದು ಗಳಿಗೆ ನಾಯಕಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಿದ್ದಳು. ಮೂಲದಲ್ಲಿ ಅಲ್ಲಿ ಮಾತೇ ಇರಲಿಲ್ಲ. ತುಟಿ ಕಾಣುತ್ತಿರಲಿಲ್ಲ, ಏನು ಬೇಕಾದರೂ ಬರೆಯಬಹುದಿತ್ತು. ಚೇತನಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಟೈಪ್ ಮಾಡತೊಡಗಿದಳು.