ಅನ್ವರಣ್ಣ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಬಿಸಿ ಬಲ್ಬಿನ ಮೇಲೆ ಧೂಳು ಸುಡುವ ವಾಸನೆ ಬಂದರೆ ಈಗಲೂ ನನಗೆ ಹೆಬ್ಬಾಳದಾಚೆಯ ಆ ಹೆಂಚಿನ ಮನೆ ನೆನಪಾಗುತ್ತದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು, ಎಪ್ಪತ್ತರ ದಶಕದಲ್ಲಿ ಅಲ್ಲಿಂದ ಯಲಹಂಕದವರೆಗೂ ದ್ರಾಕ್ಷಿ ತೋಟಗಳಿದ್ದವು. ಅಂಥದೊಂದು ತೋಟದ ನಡುವೆ ಹಾಲೆಂಡಿನಿಂದ ಬಂದ, ಕೂದಲು ನರೆತ ಹೆಂಗಸೊಬ್ಬರು ಒಂಟಿಯಾಗಿದ್ದರು. ಊರಿಗೆಲ್ಲ ಅವರು ಮಿಸ್ಸಮ್ಮ. ಯಾರಿಗೆ ಗಾಯವಾದರೂ ಮದ್ದು ಹಚ್ಚಿ ಕಳಿಸುತ್ತಿದ್ದರು. ನಮ್ಮವ್ವ ಅವರ ಅಡಿಗೆಯವಳು. ಆ ಮನೆಯ ಹಿಂದಿನ ಕೋಣೆಯಲ್ಲಿ, ಬೆಳಿಗ್ಗೆ ಕಾಫಿಬೀಜ ಹುರಿದ ಘಮ, ಸಂಜೆ ಬಳ್ಳಿಗೆ ಹೊಡೆದ ಮೈಲುತುತ್ತದ ಕಟು ವಾಸನೆ, ಇವೆರಡರ ನಡುವೆ ನಾನು ಬೆಳೆದೆ.

ಒಂದು ಸಂಜೆ ಯಾರೋ ಪಾದ್ರಿ ಪ್ರೊಜೆಕ್ಟರ್ ತಂದು, ಹಜಾರದ ಗೋಡೆಗೆ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸಿದರು. ಯುದ್ಧದ ಕಾಲದಲ್ಲಿ ಒಂದು ಮನೆಯವರು ಯಹೂದಿಗಳನ್ನು ಜರ್ಮನ್ ಸೈನಿಕರಿಂದ ಬಚ್ಚಿಟ್ಟು ಕಾಪಾಡಿದ ಕತೆ. ಮಿಸ್ಸಮ್ಮನ ತಂದೆತಾಯಿಯೂ ಹೀಗೇ ಒಂದು ಯಹೂದಿ ಸಂಸಾರವನ್ನು ಕೊಟ್ಟಿಗೆಯ ಅಟ್ಟದಲ್ಲಿ ಎರಡು ವರ್ಷ ಇಟ್ಟುಕೊಂಡಿದ್ದರೆಂದು ನಮಗೆ ತಿಳಿದದ್ದು ಅವತ್ತೇ. ತೋಟದ ಹೆಂಗಸರಿಗೆ ಅಡಿಗೆಮನೆಯಲ್ಲೂ ಬೂಟು ಹಾಕಿಕೊಂಡು ಓಡಾಡುವ ಆ ಜನರನ್ನು ಕಂಡು ನಗು. ಪರದೆಯ ಮೇಲೆ ಮನೆಯೊಡತಿ ಸೈನಿಕರ ಎದುರು ನಿಂತು ಉದ್ದಕ್ಕೆ ಮಾತಾಡಿದಳು. ಅವ್ವ ಮೆಲ್ಲಗೆ ಕೇಳಿದಳು, "ನೀವೂ ಇಂಗೇ ಮಾತಾಡಿದ್ರಾ ಮಿಸ್ಸಮ್ಮ?"

"ಎಲ್ಲಿ ಮಾತು? ನಾನು ನಿಂತಲ್ಲೇ ಉಚ್ಚೆ ಉಯ್ಕಂಡೆ ಕಣಮ್ಮ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂಥ ಗಳಿಗೆ ಬಂದರೆ ಆ ಸಿನಿಮಾದವಳ ಹಾಗೆ ನಿಲ್ಲಬೇಕೆಂದುಕೊಂಡೆ.

ಮಾರನೇ ವರ್ಷ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಊರಲ್ಲಿ ಯಾವುದೋ ಸುಳ್ಳು ಸುದ್ದಿ ಹಬ್ಬಿ ಸಾಬರ ಅಂಗಡಿಗಳಿಗೆ ಕಲ್ಲು ಬಿದ್ದವು. ಮಧ್ಯಾಹ್ನ ಟೈಲರ್ ಅನ್ವರಣ್ಣ ತೋಟದೊಳಗಿಂದ ಓಡಿ ಬಂದ. ನನ್ನ ಶಾಲೆಯ ಚಡ್ಡಿಗಳನ್ನೆಲ್ಲ ಹೊಲಿದವನು. ಮಿಸ್ಸಮ್ಮ ಒಂದು ಮಾತೂ ಕೇಳದೆ ಅವನನ್ನು ಉಗ್ರಾಣಕ್ಕೆ ತಳ್ಳಿ, ದ್ರಾಕ್ಷಿ ಬುಟ್ಟಿಗಳ ಹಿಂದೆ ಕೂರಿಸಿ, ಮೇಲೆ ಗೋಣಿ ಹೊದಿಸಿ, ಬೀಗ ಹಾಕಿ, ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ ಕೂತರು. "ಸುಮ್ನಿರು ಮಗ, ಏನೂ ಯೇಳ್ಬೇಡ," ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತು. ಒಂದನ್ನು ಬಿಟ್ಟು. ಜೀವ ಕೈಯಲ್ಲಿ ಹಿಡಿದು ಓಡಿ ಬಂದ ಅನ್ವರಣ್ಣ, ಹಿರಿಯರ ಮನೆಯೆಂದು, ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದಿದ್ದ. ಮನೆಯೊಳಗೂ ಬೂಟು ಬಿಚ್ಚದ ಮಿಸ್ಸಮ್ಮನಿಗೆ ಅದು ಹೊಳೆಯಲಿಲ್ಲ.

ನಾನು ನೋಡಿದೆ. ಅವನನ್ನು ಅಟ್ಟಿಸಿಕೊಂಡು ಬಂದ ಜನ ಇನ್ನೂ ರಸ್ತೆಯಲ್ಲಿದ್ದರು. ಎರಡು ಹೆಜ್ಜೆ ಇಟ್ಟು ಬಗ್ಗಿದ್ದರೆ ಸಾಕಿತ್ತು. ಇನ್ನೊಬ್ಬರ ಚಪ್ಪಲಿಯನ್ನು ಕೈಯಲ್ಲಿ ಮುಟ್ಟಬಾರದೆಂದು ಕಲಿತು ಬೆಳೆದಿದ್ದೆ. ಅದರಲ್ಲೂ ಸಾಬರದ್ದು ಎಂದು ಮನಸ್ಸು ಹೇಳಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಕಾಲಲ್ಲಿ ಒಳಗೆ ತಳ್ಳಲೇ ಎಂದು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಗೇಟು ಸದ್ದಾಯಿತು.

ಬಂದವರಲ್ಲಿ ಅರ್ಧ ಜನ ಮಿಸ್ಸಮ್ಮನಿಂದ ಮದ್ದು ಹಚ್ಚಿಸಿಕೊಂಡವರೇ. ಯಾರೂ ಬಂದಿಲ್ಲ ಎಂದರು ಮಿಸ್ಸಮ್ಮ, ಕಾಯಿ ಸುಲಿಯುವುದನ್ನು ನಿಲ್ಲಿಸದೆ. ಒಬ್ಬ ಬಾಗಿಲಲ್ಲಿ ಬಗ್ಗಿ ನೋಡಿ ನಕ್ಕ. "ಮತ್ತೆ ಈ ಗಂಡಸ್ರ ಚಪ್ಲಿ ನಿಮ್ದಾ ಮಿಸ್ಸಮ್ಮ?"

ಬೀಗ ಒಡೆದರು. ಅನ್ವರಣ್ಣ ಜೀವದಿಂದ ಉಳಿದ, ಆದರೆ ಬಲಗೈಯ ಬೆರಳುಗಳು ಜಜ್ಜಿಹೋಗಿದ್ದವು. ಮತ್ತೆಂದೂ ಅವನು ಹೊಲಿಗೆ ಮಿಷನ್ ಮುಂದೆ ಕೂರಲಿಲ್ಲ. ಸಂಸಾರ ಊರು ಬಿಟ್ಟಿತು. ಆ ಚಪ್ಪಲಿ ನೀನು ಮೊದಲೇ ನೋಡಿದ್ಯಾ ಎಂದು ಮಿಸ್ಸಮ್ಮ ನನ್ನನ್ನು ಕೇಳಿದ್ದು ಒಂದೇ ಸಲ. ಇಲ್ಲ ಎಂದೆ. ನಂಬಿದರು.

ಎಂಬತ್ತರ ದಶಕದಲ್ಲಿ, ಯಹೂದಿಗಳನ್ನು ಕಾಪಾಡಿದವರ ಬಗ್ಗೆ ಚಿತ್ರ ಮಾಡುತ್ತೇವೆಂದು ಹೊರದೇಶದ ಇಬ್ಬರು ಕ್ಯಾಮೆರಾ ಹಿಡಿದು ಬಂದರು. ಮಿಸ್ಸಮ್ಮನ ಮುಖಕ್ಕೆ ಬೆಳಕು ಬೀಳುವಂತೆ ಬಿಳಿ ರಟ್ಟು ಹಿಡಿಯುವ ಕೆಲಸ ನನಗೆ ಬಂತು. ಹಾಲೆಂಡಿನ ಅಟ್ಟದ ಬಗ್ಗೆ ಎಷ್ಟು ಕೇಳಿದರೂ ಮಿಸ್ಸಮ್ಮ ಹೇಳಿದ್ದು ಅನ್ವರಣ್ಣನ ಕತೆಯನ್ನೇ. ಬಂದವರ ಭಾಷೆಯಲ್ಲಿ ಹೇಳಿ ಮುಗಿಸಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ನಾನು ಅವನ ಕಾಲು ನೋಡ್ಬೇಕಿತ್ತು ಕಣೋ. ತಪ್ಪು ನಂದೇ." ಬಂದವರಿಗೆ ಆ ಕತೆ ಬೇಕಿರಲಿಲ್ಲ. ಕ್ಯಾಮೆರಾ ನಿಲ್ಲಿಸಿದರು.

ಎರಡು ವರ್ಷದ ಮೇಲೆ ಮಿಸ್ಸಮ್ಮ ತೀರಿಹೋದರು. ಮನೆಯನ್ನು ಕೆಡವಿದರು, ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳನ್ನು ಯಾರೋ ಲಾರಿಯಲ್ಲಿ ಸಾಗಿಸಿದರು. ತಪ್ಪು ನನ್ನದೇ ಎಂದು ಅವರು ಅವತ್ತು ಕ್ಯಾಮೆರಾ ಮುಂದೆ ಹೇಳುವಾಗ ಅವರ ಮತ್ತು ನನ್ನ ನಡುವೆ ಮೂರಡಿ ಜಾಗವಿತ್ತು. ರಟ್ಟನ್ನು ಅಲುಗಾಡಿಸದೆ ಹಿಡಿದುಕೊಂಡು ನಿಂತಿದ್ದೆ.