ಲ್ಯಾಬ್ ಅಕ್ಕನ ಸಿಟ್ಟು

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಿ, ಕಣಗಳು ಎದ್ದು ಕಾಣಲೆಂದು ಅದರ ಮೇಲೆ ಸುರಿಯುವ ಬಣ್ಣ ಅದು. ಗ್ಲೌಸ್ ಹಾಕಿಕೊಂಡರೂ ಹೇಗೋ ಒಳಗೆ ಇಳಿಯುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುವಾಗ ನೋಡಿದವರು, ಈ ಹೆಂಗಸು ಈಗ ತಾನೇ ನೇರಳೆಹಣ್ಣು ಕಿತ್ತು ಬಂದಿದ್ದಾಳೆ ಅಂದುಕೊಳ್ಳಬೇಕು.

ತಮಿಳುನಾಡಿಗೆ ಸೇರಿದ ಗಡಿಯೂರು ಹೊಸೂರಿನ ಆಲಸನತ್ತಂನಲ್ಲಿದ್ದ ಆ ಸಣ್ಣ ಲ್ಯಾಬಿಗೆ ನಾನು ಸೇರಿದ್ದು ಡಿಗ್ರಿ ಮುಗಿಸಿದ ವರ್ಷ. ಕೆಳಗೆ ನಾನು ಕೂರುತ್ತಿದ್ದ ರಿಸೆಪ್ಷನ್ನು, ರಕ್ತ ತೆಗೆಯುವ ಕುರ್ಚಿ. ಮೇಲೆ ಯಂತ್ರಗಳ ಕೋಣೆ, ಅದರ ಪಕ್ಕ ಡಾಕ್ಟರ ಕೋಣೆ. ಡಾಕ್ಟರು ಮಾಲೀಕರು, ದಿನಕ್ಕೆ ಒಂದು ಹೊತ್ತು ಬಂದು ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ಲ್ಯಾಬ್ ನಡೆಯುತ್ತಿದ್ದದ್ದು ಟೆಕ್ನೀಷಿಯನ್ ಆಗಿದ್ದ ಅಕ್ಕನ ದನಿಯ ಮೇಲೆ. ಮೇಲಿನಿಂದ ಅವರು ಕೂಗಿದರೆ ಬೀದಿಯ ಕೊನೆಯ ಬೇಕರಿಯವರೆಗೂ ಕೇಳುತ್ತಿತ್ತು. ಸಿಟ್ಟಿನ ಹೆಂಗಸು ಎಂದು ಊರಿಗೆಲ್ಲ ಗೊತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರೂ ಏನಾದರೂ ತಿಂದು ಬಂದವರು ಅವರ ಮುಂದೆ ಕೂರಲು ಹೆದರುತ್ತಿದ್ದರು.

"ಟೀ ಒಂದೇ ಕುಡ್ದೆ ಅಂತೀಯ. ಟೀ ಏನು ನೀರಾ? ಅದರಾಗೆ ಸಕ್ಕರೆ ಇರಾಕಿಲ್ವಾ? ಹೋಗು, ನಾಳೆ ಬಾ!" ಎಂದು ಕನ್ನಡದಲ್ಲಿ ಶುರುಮಾಡಿ, ಎದುರಿನವರ ಮುಖ ನೋಡಿ ತೆಲುಗಿಗೋ ತಮಿಳಿಗೋ ಹೊರಳಿಕೊಂಡು ಅದೇ ಬೈಗುಳವನ್ನು ಮುಗಿಸುತ್ತಿದ್ದರು. ಆದರೂ ಜನ ಅವರ ಕೈಯಿಂದಲೇ ಸೂಜಿ ಚುಚ್ಚಿಸಿಕೊಳ್ಳಬೇಕೆಂದು ಕಾಯುತ್ತಿದ್ದರು. ನೋವೇ ಗೊತ್ತಾಗುತ್ತಿರಲಿಲ್ಲ. ಬೈಸಿಕೊಳ್ಳುವುದರಲ್ಲೇ ಜನರ ಗಮನವೆಲ್ಲ ಹೋಗಿಬಿಡುತ್ತಿತ್ತು.

ನಾನು ಅದಕ್ಕೆ ತದ್ವಿರುದ್ಧ. ಯಾರು ಏನೇ ಕೇಳಿದರೂ, "ಸ್ವಲ್ಪ ಕೂತ್ಕೊಳಿ" ಎನ್ನುವುದೊಂದೇ ನನಗೆ ಗೊತ್ತಿದ್ದ ಮಾತು.

ಮೊದಲು ನನ್ನ ಮೇಜಿನ ಮೇಲೆ ಒಂದು ಹಳೆಯ ಪ್ರಿಂಟರ್ ಇತ್ತು. ವೈರಿನಲ್ಲಿ ನನ್ನ ಕಂಪ್ಯೂಟರಿಗೆ ಕಟ್ಟಿಹಾಕಿದ್ದು. ಅಕ್ಕ ಮೇಲಿನಿಂದ ಫಲಿತಾಂಶ ಕೂಗುತ್ತಿದ್ದರು, ನಾನು ಟೈಪ್ ಮಾಡಿ ಪ್ರಿಂಟ್ ತೆಗೆಯುತ್ತಿದ್ದೆ, ಅವರು ಇಳಿದು ಬಂದು ಓದಿ ಸಹಿ ಹಾಕುತ್ತಿದ್ದರು. ಗದ್ದಲವೇನೋ ಹೌದು, ಆದರೆ ಕೆಲಸ ನಡೆಯುತ್ತಿತ್ತು. ಒಂದು ದಿನ ಡಾಕ್ಟರು ಹೊಸ ಪ್ರಿಂಟರ್ ತಂದರು. ಮೇಲಿನ ಯಂತ್ರದ ಕಂಪ್ಯೂಟರ್, ಅವರ ಕೋಣೆಯ ಕಂಪ್ಯೂಟರ್, ನನ್ನದು, ಮೂರೂ ವೈಫೈನಲ್ಲೇ ಅದಕ್ಕೆ ಕಳಿಸಬಹುದು, ಇನ್ನು ಕೂಗಾಟ ಬೇಡ ಎಂದರು. ಹಳೆಯದನ್ನು ಅವತ್ತೇ ಮನೆಗೆ ಸಾಗಿಸಿದರು.

ಹಾಕಿಕೊಡಲು ಬಂದವನು ತಮಿಳು ಹುಡುಗ, ಮೆದು ಮಾತಿನವನು. ವೈಫೈ ಪಾಸ್‌ವರ್ಡ್ ಕೇಳಿ ಮೂರು ಕಂಪ್ಯೂಟರಿಗೂ ಸೇರಿಸಿದ. ಪರೀಕ್ಷೆಗೆಂದು ಒಂದು ಹಾಳೆ ಬಂತು, ಬಣ್ಣಬಣ್ಣದ್ದು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕರೆಂಟ್ ಗಿರೆಂಟ್ ಹೋಗಿ ವೈಫೈ ಕೈಕೊಟ್ರೆ ಏನ್ ಮಾಡೋದಪ್ಪ? ಒಂದು ವೈರಾದ್ರೂ ಕೊಟ್ಟೋಗು" ಎಂದರು. ಅವನು ನಕ್ಕು, ಡಬ್ಬದಲ್ಲಿ ವೈರು ಬಂದಿಲ್ಲ, ಈಗ ಯಾರೂ ವೈರು ಹಾಕುವುದಿಲ್ಲ ಎಂದು ತಮಿಳಿನಲ್ಲಿ ಹೇಳಿ ಹೊರಟ.

ಮಾರನೆಯ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಕಂಪ್ಯೂಟರಿನಲ್ಲಿ ಪ್ರಿಂಟರಿನ ಹೆಸರಿನ ಕೆಳಗೆ ಆಫ್‌ಲೈನ್ ಎಂದು ತೋರಿಸುತ್ತಿತ್ತು. ಪ್ರಿಂಟರ್ ನೋಡಿದರೆ ಹಸಿರು ದೀಪ ಹಚ್ಚಿಕೊಂಡು ನನ್ನ ಬೆನ್ನ ಹಿಂದೆಯೇ ಕೂತಿದೆ. ಆರಿಸಿ ಹಚ್ಚಿದೆ. ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದೆ. ಕಂಪ್ಯೂಟರಿನಿಂದ ಪ್ರಿಂಟರನ್ನು ತೆಗೆದು ಮತ್ತೆ ಸೇರಿಸಿದೆ. ಆಗ ಅದೇ ಹೆಸರಿನ ಇನ್ನೊಂದು ಹುಟ್ಟಿಕೊಂಡಿತು. ಮಧ್ಯಾಹ್ನ ತಾನಾಗಿ ಸರಿಹೋಯಿತು. ಎರಡು ದಿನ ಬಿಟ್ಟು ಮತ್ತೆ ಕರೆಂಟ್ ಹೋಯಿತು, ಮತ್ತೆ ಅದೇ ಪಾಡು. ಕೆಲವು ವಾರಗಳಲ್ಲಿ ನನ್ನ ಕಂಪ್ಯೂಟರಿನಲ್ಲಿ ಒಂದೇ ಹೆಸರಿನ ಪ್ರಿಂಟರುಗಳ ಒಂದು ಕುಟುಂಬವೇ ಬೆಳೆದಿತ್ತು. ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಒಂದೊಂದನ್ನೂ ಒತ್ತಿ ನೋಡಬೇಕಾಗಿತ್ತು. ಒತ್ತಿದ್ದೆಲ್ಲ ಒಳಗೆ ಸಾಲುಗಟ್ಟಿ ಕೂತು, ಯಾವಾಗಲೋ ಒಮ್ಮೆಲೇ ಹೊರಬೀಳುತ್ತಿತ್ತು. ಒಬ್ಬರ ಸಕ್ಕರೆ, ಇನ್ನೊಬ್ಬರ ಥೈರಾಯ್ಡ್ ಎಲ್ಲ ಒಂದೇ ತಟ್ಟೆಯಲ್ಲಿ. ಅಕ್ಕ ಪ್ರತಿ ಹಾಳೆಯನ್ನೂ ಹೆಸರು ನೋಡಿ ಬೇರೆ ಮಾಡುತ್ತ, "ಇದು ಯಾವತ್ತಾದ್ರೂ ಯಾರನ್ನಾದ್ರೂ ಸಾಯಿಸ್ತದೆ ಕಣಮ್ಮಿ" ಎನ್ನುತ್ತಿದ್ದರು.

ಪ್ರಿಂಟರಿನವರಿಗೆ ಫೋನ್ ಮಾಡಿದರೆ ಆರಿಸಿ ಹಚ್ಚಿ ಎನ್ನುತ್ತಿದ್ದರು. ಡಾಕ್ಟರಿಗೆ ಹೇಳಿದರೆ, "ನಿಮಗೆ ಹೊಸದು ಅಭ್ಯಾಸ ಆಗ್ಬೇಕು ಅಷ್ಟೇ" ಎನ್ನುತ್ತಿದ್ದರು. ಅಕ್ಕ ಬಿಡದೆ, "ಸಾರ್, ಒಂದು ವೈರ್ ತರ್ಸಿ ಸಾಕು" ಎಂದಾಗ ಡಾಕ್ಟರಿಗೂ ರೇಗಿತು. "ವೈರ್ ಹಾಕೋದಾದ್ರೆ ಇದನ್ನ ಯಾಕ್ರೀ ತರ್ತಿದ್ದೆ?"

ಆಮೇಲೆ ಜ್ವರದ ಕಾಲ ಬಂತು. ಒಂದು ದಿನ ಬಾಗಲೂರು ಕಡೆಯ ಹಳ್ಳಿಯಿಂದ ಒಬ್ಬ ರೈತ ಹೆಂಡತಿಯನ್ನು ಕರೆತಂದ. ನರ್ಸಿಂಗ್ ಹೋಮಿಗೆ ಹೋಗಿದ್ದರಂತೆ. ರಕ್ತಪರೀಕ್ಷೆ ಮಾಡಿಸಿ ರಿಪೋರ್ಟ್ ತನ್ನಿ, ನೋಡಿ ಸೇರಿಸಿಕೊಳ್ಳುತ್ತೇವೆ ಎಂದು ಕಳಿಸಿದ್ದರು. ಆ ಹೆಂಗಸು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿ ಕೂತಿದ್ದಳು. ಅಕ್ಕ ಅವತ್ತು ಬೈಯಲಿಲ್ಲ. ರಕ್ತ ತೆಗೆದವರೇ ಮೇಲೆ ಓಡಿದರು. ಅಷ್ಟರಲ್ಲಿ ಕರೆಂಟ್ ಹೋಯಿತು; ಮೇಲಿನ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಕರೆಂಟ್ ಬರುವ ಹೊತ್ತಿಗೆ ಫಲಿತಾಂಶವೂ ಬಂದಿತ್ತು. "ಪ್ಲೇಟ್‌ಲೆಟ್ ತೀರಾ ಇಳಿದೈತೆ, ಗಾಜಿನ ಪಟ್ಟಿಯಲ್ಲೂ ನೋಡಿ ಖಚಿತ ಮಾಡ್ಕೊಂಡೆ, ಬೇಗ ಪ್ರಿಂಟ್ ತೆಗಿ!" ಎಂದು ಅಕ್ಕ ಮೇಲಿನಿಂದ ಕೂಗಿದರು.

ಆಫ್‌ಲೈನ್.

ಒಂದಾದ ಮೇಲೊಂದರಂತೆ ಎಲ್ಲ ಹೆಸರುಗಳ ಮೇಲೂ ಒತ್ತಿದೆ. ಏನೂ ಇಲ್ಲ. ಆ ಮನುಷ್ಯ ಹೆಲ್ಮೆಟ್ ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆಯೇ ನಿಂತಿದ್ದ. "ಅಮ್ಮಾ, ಬಿರ್ನೆ ಕೊಟ್ಬುಡಿ. ಅಲ್ಲಿ ಡಾಕ್ಟ್ರು ಹೊಂಟೋಗ್ಬುಟ್ರೆ ಏನ್ ಮಾಡ್ಲಿ ನಾನು?"

"ಪ್ರಿಂಟರ್ ಕೆಲಸ ಮಾಡ್ತಿಲ್ಲ. ಸ್ವಲ್ಪ ಕೂತ್ಕೊಳಿ" ಎಂದೆ.

ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಿದ್ದರು. "ಯಾಕೆ ಕೂತ್ಕೋಬೇಕು ಅವ್ನು? ಪ್ರಿಂಟರ್ ಕೆಟ್ಟಿರೋದು ನಮ್ಮ ತಾಪತ್ರಯ. ಅವನ ಹೆಂಡ್ತಿಗೇನು ಅದರಿಂದ?" ಎಂದು ನನ್ನ ಮೇಲೆ ಹಾಯ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡುವ ಪುರುಸೊತ್ತು ಅವರಿಗಿರಲಿಲ್ಲ. ಲ್ಯಾಬಿನ ಹೆಸರಿರುವ ಹಾಳೆ ಎಳೆದುಕೊಂಡು ಕೈಯಲ್ಲೇ ಬರೆದರು, ಸಹಿ ಹಾಕಿದರು, ಸೀಲು ಒತ್ತಿದರು. ನರ್ಸಿಂಗ್ ಹೋಮಿಗೆ ತಾವೇ ಫೋನ್ ಮಾಡಿದರು. ಅಲ್ಲಿನ ಹುಡುಗಿ, ಕೈಬರಹ ನಡೆಯುವುದಿಲ್ಲ, "ಪ್ರಿಂಟ್ ರಿಪೋರ್ಟ್‌ದಾನ್ ವೇಣುಂ" ಎಂದಳು. ಪ್ರಿಂಟೇ ಬೇಕಂತೆ. ನಾನು ಎದುರಿನ ಜೆರಾಕ್ಸ್ ಅಂಗಡಿಯ ಕಡೆ ನೋಡಿದೆ. ಬಾಗಿಲು ಹಾಕಿತ್ತು.

"ರಕ್ತ ನೋಡಿದ್ದು ನಾನಾ, ಪ್ರಿಂಟರಾ?" ಎಂದು ಅಕ್ಕ ತಮಿಳಿನಲ್ಲಿ ಕಿರುಚಿ ಫೋನ್ ಇಟ್ಟರು. ಕೋಟು ಕೂಡ ಬಿಚ್ಚದೆ ಬೀದಿಗೆ ಹೋಗಿ ಆಟೋ ನಿಲ್ಲಿಸಿದರು. ಆ ಹೆಂಗಸನ್ನು ತೋಳು ಹಿಡಿದು ಹತ್ತಿಸಿ, ತಾವೂ ಹತ್ತಿ ಹೋಗಿಬಿಟ್ಟರು. ಗಂಡ ಬೈಕಿನಲ್ಲಿ ಹಿಂದೆ ಹೋದ.

ಅಲ್ಲಿ ಏನಾಯಿತೆಂದು ಆಮೇಲೆ ಅವನೇ ಬಂದು ಹೇಳಿದ. ಅಕ್ಕ ರಿಸೆಪ್ಷನ್ ದಾಟಿ ನೇರ ಡ್ಯೂಟಿ ಡಾಕ್ಟರ ಮುಂದೆ ನಿಂತು, "ನಾನು ಲ್ಯಾಬಿನೋಳು. ಇದು ನಾನು ಎಣಿಸಿದ್ದು. ಅನುಮಾನ ಇದ್ರೆ ನೀವೇ ಇನ್ನೊಂದ್ ಸಲ ಮಾಡಿಸ್ಕೊಳ್ಳಿ, ಆದ್ರೆ ಮೊದ್ಲು ಈವಮ್ಮನ್ನ ಮಂಚದ ಮೇಲೆ ಮಲಗ್ಸಿ" ಎಂದರಂತೆ. ಮಲಗಿಸಿದರು. ಆಕೆ ಉಳಿದುಕೊಂಡಳು.

ಆದರೆ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಜನ ತುಂಬಿದ್ದರು, ರಕ್ತ ತೆಗೆಯುವವರಿಲ್ಲ. ಅದೇ ಹೊತ್ತಿಗೆ ಡಾಕ್ಟರು ಬಂದರು. ಅಕ್ಕ ವಾಪಸು ಬಂದು ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಎಲ್ಲರೆದುರೇ ಶುರುಮಾಡಿದರು. "ಯಾರನ್ನ ಕೇಳಿ ಹೋದ್ರಿ? ಒಬ್ಬ ಪೇಶೆಂಟಿಗೋಸ್ಕರ ಇಷ್ಟು ಜನಾನ ಬಿಟ್ಟು ಹೋಗೋದಾ? ಇಷ್ಟ ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ!"

ಅಕ್ಕ ಉತ್ತರ ಕೊಡಲು ಬಾಯಿ ತೆರೆದರು. ಆಗ ನನ್ನ ಬೆನ್ನ ಹಿಂದೆ ಪ್ರಿಂಟರ್ ಗುರ್ ಎಂದಿತು. ಒಂದು ಹಾಳೆ ಬಂತು. ಇನ್ನೊಂದು ಬಂತು. ಆ ಹೆಂಗಸಿನದೇ ರಿಪೋರ್ಟು. ನಾನು ಎಷ್ಟು ಸಲ ಒತ್ತಿದ್ದೆನೋ ಅಷ್ಟೂ ಪ್ರತಿ, ಒಂದರ ಮೇಲೊಂದು. ತಟ್ಟೆ ತುಂಬಿ ನೆಲಕ್ಕೆ ಬೀಳತೊಡಗಿದವು. ಅಕ್ಕ ಬಗ್ಗಿ ಎಲ್ಲ ಹಾಳೆಗಳನ್ನೂ ಎತ್ತಿ ಮಟ್ಟಮಾಡಿ ಡಾಕ್ಟರ ಕೈಗೆ ಕೊಟ್ಟರು.

"ತಗೊಳ್ಳಿ ಸಾರ್. ಈಗ ಬಂತು."

ಡಾಕ್ಟರು ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಕ್ಷಮೆ ಕೇಳಲಿಲ್ಲ. ನಾಳೆಯಿಂದ ಬರಬೇಡಿ ಎಂಬ ಮಾತನ್ನೂ ಮತ್ತೆ ಎತ್ತಲಿಲ್ಲ.

ಪ್ರಿಂಟರ್ ಹುಡುಗ ಆಮೇಲೆ ಬಂದ. ಈ ಸಲ ಡಾಕ್ಟರೇ ಪಕ್ಕದಲ್ಲಿ ನಿಂತು ಕೇಳಿದ್ದರಿಂದ ಬಿಡಿಸಿ ಹೇಳಿದ. ಕರೆಂಟ್ ಹೋಗಿ ಬಂದಾಗೆಲ್ಲ ವೈಫೈ ಡಬ್ಬಿ ಪ್ರಿಂಟರಿಗೆ ಬೇರೊಂದು ನಂಬರು ಕೊಡುತ್ತದಂತೆ. ಕಂಪ್ಯೂಟರು ಹಳೆಯ ನಂಬರಿನಲ್ಲೇ ಅದನ್ನು ಹುಡುಕುತ್ತಿರುತ್ತದಂತೆ, ಆ ನಂಬರು ಮತ್ತೆ ಸಿಕ್ಕಾಗ ತಾನಾಗಿ ಸರಿಹೋಗುತ್ತದಂತೆ. ಅದಕ್ಕೊಂದು ಕಾಯಂ ನಂಬರು ಕೊಟ್ಟರೆ ಮುಗಿಯಿತು ಎಂದವನೇ ಕೂತು ಕೊಟ್ಟ. ಅಕ್ಕ ತಂದಿಟ್ಟ ಟೀ ಆರುವುದರೊಳಗೆ ಕೆಲಸ ಆಗಿತ್ತು.

ಸರಿಹೋಯಿತಲ್ಲ ಎಂದು ನನಗೆ ಖುಷಿ. ಅಕ್ಕನ ಮುಖ ಮಾತ್ರ ಕೆಂಪಾಗಿತ್ತು. ಅಷ್ಟು ಸಿಟ್ಟು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇಷ್ಟೇನಾ? ಇಷ್ಟು ಮಾಡಕ್ಕೆ ಮೊದಲ್ನೇ ದಿನ ಏನಾಗಿತ್ತಪ್ಪ ನಿಂಗೆ?"

ಅವನು ಪಾಪ ನಿಜವಾಗಿ ಗೊಂದಲಗೊಂಡು, "ನೀಂಗ ಕೇಕ್ಕಲೆಯೇ ಮೇಡಂ" ಎಂದ. ನೀವು ಕೇಳಲಿಲ್ಲವಲ್ಲ ಎಂದು.

ಅಕ್ಕ ಲೋಟವನ್ನು ಅವನ ಮುಂದೆ ಸರಿಸಿದರು. ಆಮೇಲೆ, "ಟೀ ಕುಡ್ಕೊಂಡೋಗು" ಎಂದು ಮೇಲೆ ಹೋಗಿಬಿಟ್ಟರು.

ಆ ವಾರವೇ ಅವರು ನನ್ನನ್ನು ಮೇಲಕ್ಕೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. "ನಿನ್ನ ಕೈಲಿ ಕಾಗದ ಬರೋ ಹೊತ್ಗೆ ಅದರಾಗೆ ಏನೈತೆ ಅಂತ ನಿಂಗೆ ತಿಳಿದಿರ್ಬೇಕು. ಅದು ಸಾಯೋ ಸುದ್ದಿನಾ, ಸುಮ್ನೆ ಸುದ್ದಿನಾ ಅಂತ. ಆವಾಗ ನೀನು ಯಾರಿಗೂ ಕೂತ್ಕೋ ಅನ್ನಾಕಿಲ್ಲ" ಎಂದರು. ಮೊದಲ ದಿನ ನನಗೆ ನನ್ನ ರೆಪ್ಪೆಗೂದಲು ಬಿಟ್ಟು ಬೇರೇನೂ ಕಾಣಲಿಲ್ಲ. ಅವರು ತಲೆಗೊಂದು ಮೊಟಕಿ ಮತ್ತೆ ನೋಡು ಎಂದರು. ಬಿಡುವಿದ್ದಾಗೆಲ್ಲ ಕೂರಿಸಿದರು, ಬೈದರು, ಕಲಿಸಿದರು. ಕೊನೆಗೆ ಅವರ ಕಾಟ ತಡೆಯಲಾರದೆ ನಾನು ಕೃಷ್ಣಗಿರಿಯಲ್ಲಿ ಟೆಕ್ನೀಷಿಯನ್ ಕೋರ್ಸಿಗೆ ಸೇರಿದೆ. ಈಗ ನಾನು ಮಾಡುತ್ತಿರುವುದು, ನನ್ನ ಮನೆ ನಡೆಯುತ್ತಿರುವುದು ಆ ಕೆಲಸದಿಂದಲೇ.

ಹೋದ ವರ್ಷ ಒಂದು ಬೆಳಿಗ್ಗೆ ಸುದ್ದಿ ಬಂತು. ಜೂಜುವಾಡಿಯ ಮನೆಯಲ್ಲಿ ಅಕ್ಕ ಮಲಗಿದ್ದಲ್ಲೇ ಹೋಗಿದ್ದರು, ಹೃದಯಾಘಾತ. ಇದ್ದಬದ್ದ ಕೆಲಸ ಬಿಟ್ಟು ಆಟೋ ಹತ್ತಿದೆ. ಗಡಿಯ ಹತ್ತಿರ ಎಂದಿನಂತೆ ಲಾರಿಗಳು ಕಟ್ಟಿಕೊಂಡಿದ್ದವು. ಅವರ ಬೀದಿಗೆ ತಿರುಗುವಲ್ಲಿ ಒಬ್ಬ ಲಾರಿಯನ್ನು ಅಡ್ಡ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದ. ಆಟೋದವನು ಹಾರ್ನ್ ಹೊಡೆದ, ಲಾರಿಯವನು ಕೈಯಲ್ಲೇ ತಾಳು ಎಂದ. ನಾನು ಇಳಿದು ಹೋಗಿ ಲಾರಿಯ ಬಾಗಿಲು ಬಡಿದೆ. ಏನೇನು ಬೈದೆನೋ ಪೂರ್ತಿ ನೆನಪಿಲ್ಲ. ಕನ್ನಡದಲ್ಲಿ ಶುರುವಾಗಿತ್ತು, ಅವನು ಪಿಳಿಪಿಳಿ ನೋಡಿದಾಗ ತಮಿಳಿಗೆ ಬಂದಿದ್ದೆ. ಸುತ್ತಲಿನ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಲಾರಿ ಸರಿಯಿತು.

ಆದರೂ ತಡವಾಗಿತ್ತು. ನಾನು ಹೋಗುವಷ್ಟರಲ್ಲಿ ಅವರನ್ನು ತೆಗೆದುಕೊಂಡು ಹೋಗಿ, ಅಂಗಳಕ್ಕೆ ನೀರು ಹಾಕಿದ್ದರು. ಮುಖ ನೋಡಲು ಸಿಗಲಿಲ್ಲ. ಬಾಗಿಲಲ್ಲಿ ಕೂತಿದ್ದ ಅವರ ಮಗಳು ನನ್ನ ಉಸಿರು, ಬೆವರು ನೋಡಿ, ಏನಾಯಿತು ಎಂದು ಕೇಳಿದಳು. ಹೇಳಿದೆ. ಅಷ್ಟು ಅಳುವಿನ ನಡುವೆಯೂ ಅವಳು ತಲೆಯೆತ್ತಿ, "ನೀವಾ ಬೈದದ್ದು? ಆ ಹುಡುಗಿಗೆ ಎಲ್ಲಾ ಕಲಿಸ್ದೆ, ಸಿಟ್ಟು ಮಾಡ್ಕೊಳೋದೊಂದು ಕಲಿಸಕ್ಕಾಗ್ಲಿಲ್ಲ ಅಂತಿದ್ರು ನಮ್ಮಮ್ಮ" ಎಂದಳು.

ನಾನು ಅವಳ ಪಕ್ಕದಲ್ಲಿ, ಒದ್ದೆಯಾಗಿದ್ದ ಮೆಟ್ಟಿಲ ಮೇಲೆ ಕೂತುಕೊಂಡೆ.